ತಂಗಿಯ ಪಿನ್ ನಂಬರ್

2023ರ ಫೆಬ್ರುವರಿ. ಮಧ್ಯಾಹ್ನದ ಊಟ ಮುಗಿಸಿ ಒಂದು ರಿವ್ಯೂ ಕಾಲ್‌ನಲ್ಲಿ ಕೂತಿದ್ದೆ. ತಂಗಿಯ ಮೆಸೇಜ್ ಬಂತು: "ಅಣ್ಣ, ಪಿನ್ ಬಂತು." ಕಾಲ್ ಮ್ಯೂಟ್ ಮಾಡಿ ಬಾಲ್ಕನಿಗೆ ಹೋಗಿ ಊರಿಗೆ ಫೋನ್ ಮಾಡಿದೆ. ಅಮ್ಮ ಎತ್ತಿಕೊಂಡಳು.

"ಅಮ್ಮ, ಪಿನ್ ಬಂತಂತೆ!"

"ಎಟಿಎಂದಾ? ಯಾರಿಗೂ ಹೇಳಬೇಡ ಅನ್ನು ಅವಳಿಗೆ."

ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಎರಡು ವರ್ಷದ ಹಿಂದೆ ನನಗೂ ಪಿನ್ ಅಂದರೆ ಅಷ್ಟೇ ಗೊತ್ತಿದ್ದದ್ದು. ಬ್ರಿಟನ್ನಿನಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ, ಅಂದರೆ ಎನ್‌ಎಂಸಿಯ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಸೇರಿದಾಗ ಕೊಡುವ ನಂಬರಿಗೆ ಪಿನ್ ಅಂತಾರೆ. ಅದು ಬರುವ ತನಕ ನೀವು ನಿಮ್ಮೂರಲ್ಲಿ ಎಷ್ಟು ವರ್ಷ ಐಸಿಯುನಲ್ಲಿ ನಿಂತಿದ್ದರೂ ಅಲ್ಲಿ ನರ್ಸ್ ಅಲ್ಲ. ನನ್ನ ತಂಗಿ ಬೆಂಗಳೂರಿನಲ್ಲಿ ಒಂಬತ್ತು ವರ್ಷ ನಿಂತಿದ್ದಳು.

ಅವಳ ದಾರಿ ಹೇಳುವ ಮುಂಚೆ ನನ್ನದೊಂದು ವಿಷಯ ಹೇಳಿಬಿಡಬೇಕು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಒಂದಿಷ್ಟು ತೆಂಗು, ಮಳೆ ಬಂದರೆ ರಾಗಿ. ನನ್ನ ಬಿಇಗೆ ಅಪ್ಪ 20 ಗುಂಟೆ ಮಾರಿದ. 2009ರಲ್ಲಿ ನಾನು ಮೂರನೇ ವರ್ಷದಲ್ಲಿದ್ದಾಗ ತಂಗಿ ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿದಳು. ಮಾರ್ಕ್ಸ್ ನನಗಿಂತ ನಾಲ್ಕು ಜಾಸ್ತಿಯೇ ಬಂದಿತ್ತು. ಮುಂದೇನು ಅಂತ ಅಪ್ಪ ಕೇಳಿದ್ದು ಅವಳನ್ನಲ್ಲ, ಮನೆಯಲ್ಲಿ ಓದಿದವನು ಅಂತ ನನ್ನನ್ನು. ಹಾಸ್ಟೆಲಿನ ಮುಂದಿನ ಕಾಯಿನ್ ಬೂತಿನಿಂದ ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ: "ಜಿಎನ್‌ಎಂಗೆ ಸೇರಿಸಪ್ಪ. ಖರ್ಚು ಕಮ್ಮಿ, ಬೇಗ ಕೆಲಸ ಸಿಗುತ್ತೆ." ಅವಳು ತುಮಕೂರಿನಲ್ಲಿ ಮೂರೂವರೆ ವರ್ಷದ ನರ್ಸಿಂಗ್ ಡಿಪ್ಲೊಮಾ ಮಾಡಿದಳು. ಆಮೇಲೆ ಅವಳಿಗೆ ಗಂಡು ಹುಡುಕುವಾಗ ಬಯೋಡೇಟಾ ಟೈಪ್ ಮಾಡಿದ್ದೂ ನಾನೇ. ಉದ್ಯೋಗ ಅನ್ನೋ ಜಾಗದಲ್ಲಿ "ನರ್ಸ್" ಅಂತ ಹಾಕಲಿಲ್ಲ. "ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಉದ್ಯೋಗ" ಅಂತ ಹಾಕಿದೆ. ಬಂದವರು ಹೆಂಗೂ ಕೇಳುತ್ತಿದ್ದರು: "ನೈಟ್ ಡ್ಯೂಟಿ ಇರುತ್ತಾ?"

2014ರಲ್ಲಿ ಅವಳಿಗೆ ಸೌದಿಗೆ ಹೋಗುವ ಅವಕಾಶ ಬಂದಿತ್ತು. ಅದೇ ಹೊತ್ತಿಗೆ ಇರಾಕಿನ ತಿಕ್ರಿತ್‌ನ ಆಸ್ಪತ್ರೆಯಲ್ಲಿ ನಮ್ಮ ದೇಶದ 46 ನರ್ಸ್‌ಗಳು ಯುದ್ಧದ ನಡುವೆ ಸಿಕ್ಕಿಬಿದ್ದರು. ಜುಲೈ 5ಕ್ಕೆ ಅವರನ್ನು ಹೊತ್ತ ವಿಶೇಷ ವಿಮಾನ ಕೊಚ್ಚಿಯಲ್ಲಿ ಇಳಿಯೋದನ್ನು ಅಪ್ಪ ಟೀವಿಯಲ್ಲಿ ನೋಡಿದ. ಸೌದಿ ಬೇರೆ, ಇರಾಕ್ ಬೇರೆ ಅಂತ ತಂಗಿ ಎಷ್ಟು ಹೇಳಿದರೂ ಕೇಳಲಿಲ್ಲ. "ಆ ಕಡೆಯ ದೇಶ ಯಾವುದೂ ಬೇಡ" ಅಂದ. ಮುಗಿಯಿತು.

2016ರಲ್ಲಿ ನಾನು ಆನ್‌ಸೈಟ್ ಹೋದೆ, ಇಂಗ್ಲೆಂಡಿಗೇ. ಯಾರೂ ಬೇಡ ಅನ್ನಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ನಿಮ್ಮಲ್ಲಿ ಆನ್‌ಸೈಟ್ ಹೋದವರಿಗೆ ಗೊತ್ತಿರುತ್ತೆ, ನಾವು ಮಾಡಬೇಕಾದ್ದು ಏನೂ ಇರಲ್ಲ. ಕಂಪನಿಯ ಟ್ರಾವೆಲ್ ಡೆಸ್ಕ್ ಹೇಳಿದ ಕಡೆ ಸೈನ್ ಹಾಕಿದೆ, ಬೆರಳಚ್ಚು ಕೊಟ್ಟೆ, ಟಿಕೆಟ್ ಮೇಲ್‌ಗೆ ಬಂತು. ಒಂದೇ ಕಂಪನಿಯೊಳಗಿನ ವರ್ಗಾವಣೆಯ ಆ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಕೂಡ ಇರಲಿಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಮ್‌ನಲ್ಲಿ ಓದಿ, ಕ್ಲೈಂಟಿಗೆ "ಪ್ಲೀಸ್ ಡೂ ದ ನೀಡ್‌ಫುಲ್" ಅಂತ ಬರೆದು ಅವರು ಮುಖ ಮುಖ ನೋಡಿಕೊಳ್ಳುವ ಹಾಗೆ ಮಾಡಿದ ನನ್ನನ್ನು, ಇಂಗ್ಲಿಷ್ ಬರುತ್ತಾ ಅಂತ ಆ ದೇಶ ಕೇಳಲೇ ಇಲ್ಲ. ನನ್ನ ಡಿಗ್ರಿ ನಿಜವಾ, ಕೈಯಲ್ಲಿ ಕೆಲಸ ಬರುತ್ತಾ ಅಂತಲೂ ಕೇಳಲಿಲ್ಲ.

ಆ ವರ್ಷ ತಂಗಿಯ ಸಂಬಳ 14 ಸಾವಿರ. ಅದೇ 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯೊಂದು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20 ಸಾವಿರ ಕೊಡಬೇಕು ಅಂತ ಶಿಫಾರಸು ಮಾಡಿತು. ಅವಳಿದ್ದದ್ದು ಅದಕ್ಕಿಂತ ಬಹಳ ದೊಡ್ಡ ಆಸ್ಪತ್ರೆ. ಶಿಫಾರಸು ಶಿಫಾರಸಾಗಿಯೇ ಉಳಿಯಿತು.

ಆಮೇಲೆ ಕೋವಿಡ್. ಮಾರ್ಚ್ 22ರ ಸಂಜೆ ನಾನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ತಟ್ಟೆ ಬಡಿದೆ. ಕೆಲವೇ ದಿನಕ್ಕೆ ತಂಗಿ ಫೋನ್ ಮಾಡಿ, ಪಿಜಿಯವರು ರೂಮ್ ಖಾಲಿ ಮಾಡು ಅಂತಿದ್ದಾರೆ, ಆಸ್ಪತ್ರೆಯವಳು ಅಂತ, ಅಂದಳು. ಎರಡನೇ ಅಲೆ ಮುಗಿದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕೂತವಳು ಚಹಾ ಆರುವ ತನಕ ಮಾತಾಡಲಿಲ್ಲ. ಆಮೇಲೆ "ಅಣ್ಣ, ನಾನು ಯುಕೆಗೆ ಟ್ರೈ ಮಾಡ್ತೀನಿ" ಅಂದಳು. ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು.

ದಾರಿ ತೋರಿಸಿದವರು ಅವಳ ಮಲಯಾಳಿ ಗೆಳತಿಯರು. ನರ್ಸಿಂಗ್ ಅಂದರೆ ಕೇರಳದ ಹುಡುಗಿಯರಿಗೆ ಅದು ಮನೆಯಂಗಳದಿಂದಲೇ ಶುರುವಾಗುವ ದಾರಿ. ಅತ್ತೆ ಕುವೈತ್‌ನಲ್ಲಿ, ಅಕ್ಕ ಐರ್ಲೆಂಡಿನಲ್ಲಿ. ಜೊತೆಗೆ ಅಲ್ಲಿನ ಸರ್ಕಾರದ್ದೇ ಆದ ನೋರ್ಕಾ ರೂಟ್ಸ್, ಒಡೆಪೆಕ್ ಅನ್ನುವ ಸಂಸ್ಥೆಗಳು ನರ್ಸ್‌ಗಳನ್ನು ಹೊರದೇಶಕ್ಕೆ ಕಳಿಸುತ್ತವೆ. ಫಸ್ಟ್ ಇಯರ್‌ನಲ್ಲೇ ಅವರಿಗೆ ಎಲ್ಲಿಗೆ ಯಾವ ಪರೀಕ್ಷೆ ಅಂತ ಗೊತ್ತಿತ್ತಂತೆ. ನಮ್ಮೂರಲ್ಲಿ ಬೆಂಗಳೂರಿಗೆ ಬಂದವರೇ ದೊಡ್ಡವರು.

ಮೊದಲ ಬಾಗಿಲು ಇಂಗ್ಲಿಷ್. ಐಇಎಲ್‌ಟಿಎಸ್ ಬರೆಯಬಹುದು, ಇಲ್ಲ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ. ಅವಳು ಒಇಟಿ ಆರಿಸಿಕೊಂಡಳು. ಶುಲ್ಕ 587 ಆಸ್ಟ್ರೇಲಿಯನ್ ಡಾಲರ್, ಆಗ ಸುಮಾರು 32 ಸಾವಿರ ರೂಪಾಯಿ. ಎರಡು ತಿಂಗಳ ಸಂಬಳ ಅಂದುಕೊಳ್ಳಿ. ಓದುವುದು, ಕೇಳುವುದು, ಮಾತಾಡುವುದರಲ್ಲಿ ಬಿ ಗ್ರೇಡ್, ಬರೆಯುವುದರಲ್ಲಿ ಕನಿಷ್ಠ ಸಿ ಪ್ಲಸ್ ಬೇಕು. ಮಾತಿನ ಪರೀಕ್ಷೆಯಲ್ಲಿ ಎದುರಿಗಿರುವವರು ರೋಗಿಯ ಪಾತ್ರ ಮಾಡುತ್ತಾರೆ, ಇವಳು ಐದು ನಿಮಿಷ ನರ್ಸ್ ಆಗಿ ಮಾತಾಡಬೇಕು. ರಾತ್ರಿ ಹತ್ತರ ಮೇಲೆ ಅವಳು ಹಾಸ್ಟೆಲಿನ ಟೆರೇಸ್‌ನಿಂದ ಫೋನ್ ಮಾಡುತ್ತಿದ್ದಳು, ನಾನು ರೋಗಿ. ಒಂದು ದಿನ ಸಕ್ಕರೆ ಕಾಯಿಲೆ, ಒಂದು ದಿನ ಹೊಟ್ಟೆ ನೋವು. ಔಷಧಿಯ ಹೆಸರು, ಡೋಸ್ ಎಲ್ಲಾ ಪಟಪಟ ಹೇಳೋಳು. ಆದರೆ ಹೆದರಿದ ರೋಗಿಗೆ ಸಮಾಧಾನ ಹೇಳಬೇಕಾದಲ್ಲಿ ನಿಂತುಬಿಡೋಳು. ಕನ್ನಡದಲ್ಲಿ ಒಂದು ವಾರ್ಡ್ ಪೂರ್ತಿ ಸಮಾಧಾನ ಮಾಡುವವಳು. "ಏನಾಗಲ್ಲ ತಾತ, ಇರುವೆ ಕಚ್ಚಿದಂಗೆ ಅಷ್ಟೆ" ಅಂತ ಅವಳು ಸೂಜಿ ಚುಚ್ಚೋದನ್ನ ನಾನೇ ನೋಡಿದ್ದೀನಿ. ಆ ಇರುವೆಯನ್ನು ಇಂಗ್ಲಿಷಿಗೆ ತರೋದು ಇಬ್ಬರಿಗೂ ಆಗಲಿಲ್ಲ.

ಮೊದಲ ಸಲ ಬರವಣಿಗೆಯಲ್ಲಿ ಹೋಯಿತು. 300 ಬೇಕಿತ್ತು, 290 ಬಂತು. ಕೇಸ್ ನೋಟ್ಸ್ ನೋಡಿ 45 ನಿಮಿಷದಲ್ಲಿ ಒಂದು ರೆಫರಲ್ ಪತ್ರ ಬರೆಯಬೇಕು. ಸುಮಾರು 200 ಪದ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವುದೇ ಪರೀಕ್ಷೆ. ಅಭ್ಯಾಸಕ್ಕೆ ಬರೆದ ಪತ್ರಗಳನ್ನು ತಿದ್ದುತ್ತಿದ್ದವನು ನಾನು. ಎಷ್ಟರಲ್ಲಿ ನನ್ನ ಆಫೀಸ್ ಇಂಗ್ಲಿಷ್ ಅವಳ 10 ಮಾರ್ಕ್ಸ್ ತಿಂದಿತೋ ಗೊತ್ತಿಲ್ಲ. ಎರಡನೇ ಸಲ ನನಗೆ ತೋರಿಸಲಿಲ್ಲ. ಪಾಸಾದಳು.

ಆಮೇಲೆ ಏಜೆಂಟ್. ಬೆಂಗಳೂರಿನ ಒಂದು ಆಫೀಸು, ಎಸಿ, ಗೋಡೆ ಮೇಲೆ ಲಂಡನ್ನಿನ ಗಡಿಯಾರದ ಗೋಪುರ. "ಪ್ರೊಸೆಸಿಂಗ್ ಫೀ" ಮೂರೂವರೆ ಲಕ್ಷ. ಅರ್ಧ ಈಗ, ಅರ್ಧ ಆಫರ್ ಲೆಟರ್ ಬಂದ ಮೇಲೆ. ನಾನು ಮನಸ್ಸಿನಲ್ಲೇ ಯಾವ ಎಫ್‌ಡಿ ಮುರಿಯಲಿ ಅಂತ ಲೆಕ್ಕ ಹಾಕುತ್ತಿದ್ದೆ. ಈ ಒಂದು ಸಲವಾದರೂ ಅವಳ ಖರ್ಚು ನನ್ನದಾಗಲಿ ಅನ್ನುವ ಆಸೆ ಬೇರೆ. ಹೊರಗೆ ಬಂದ ಮೇಲೆ ತಂಗಿ ಕೇಳಿದಳು: "ಅಣ್ಣ, ಕೆಲಸ ಕೊಡಕ್ಕೆ ದುಡ್ಡು ಕೇಳೋ ಕಂಪನಿಗೆ ನೀನು ಸೇರ್ತಿದ್ಯಾ?"

ಅವಳ ಗೆಳತಿ ಮೊದಲೇ ಹೇಳಿಕೊಟ್ಟಿದ್ದಳು. ಬ್ರಿಟನ್ನಿನ ಕಾನೂನಿನಲ್ಲಿ ಕೆಲಸ ಹುಡುಕಿಕೊಡುವುದಕ್ಕೆ ಅಭ್ಯರ್ಥಿಯ ಹತ್ತಿರ ಒಂದು ಪೌಂಡೂ ತೆಗೆದುಕೊಳ್ಳುವ ಹಾಗಿಲ್ಲ. ಹಣ ಕೊಡಬೇಕಾದವರು ಆಸ್ಪತ್ರೆಯವರು. ಈ ನಿಯಮಕ್ಕೆ ಒಪ್ಪಿದ ಏಜೆನ್ಸಿಗಳ ಪಟ್ಟಿಯನ್ನು ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮ ದೇಶದ ನಿಯಮದಲ್ಲೂ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ. 2015ರಲ್ಲಿ ಕುವೈತ್‌ಗೆ ನರ್ಸ್‌ಗಳನ್ನು ಕಳಿಸುವಾಗ 19,500 ರೂಪಾಯಿ ಜಾಗದಲ್ಲಿ 19 ಲಕ್ಷಕ್ಕೂ ಹೆಚ್ಚು ವಸೂಲಿ ಮಾಡಿದ ಆರೋಪದ ಮೇಲೆ ಸಿಬಿಐ ಕೇಸ್ ಹಾಕಿತ್ತು. ಅದೇ ವರ್ಷದಿಂದ ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳು ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯವಾಯಿತು. ಬ್ರಿಟನ್ ಆ 18ರಲ್ಲಿಲ್ಲ. ಅಲ್ಲಿಗೆ ಹೋಗುವವರು ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕು. ದಿನಾ ಇಂಟರ್ನೆಟ್ಟಿನಲ್ಲೇ ಬದುಕುವ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಪಟ್ಟಿಯಲ್ಲಿದ್ದ ಒಂದು ಏಜೆನ್ಸಿಗೆ ಅರ್ಜಿ ಹಾಕಿದಳು. ಎನ್‌ಎಂಸಿಗೆ ಓದಿನ ಮೌಲ್ಯಮಾಪನಕ್ಕೆ 140 ಪೌಂಡ್. ಕಂಪ್ಯೂಟರ್ ಪರೀಕ್ಷೆಗೆ 83 ಪೌಂಡ್: ಡೋಸ್ ಲೆಕ್ಕದ 15 ಪ್ರಶ್ನೆ, ನರ್ಸಿಂಗಿನ 100 ಪ್ರಶ್ನೆ. ಅದು ಒಂದೇ ಸಲಕ್ಕೆ ಆಯಿತು. ಸಮಯ ತಿಂದಿದ್ದು ಕಾಗದಗಳು. ಓದಿದ ಸಂಸ್ಥೆಯಿಂದ, ನೋಂದಣಿ ಮಾಡಿದ ಕೌನ್ಸಿಲ್‌ನಿಂದ ಪತ್ರ ಇವಳ ಕೈಗಲ್ಲ, ನೇರ ಅಲ್ಲಿಗೇ ಹೋಗಬೇಕು. ಒಂದು ಕಚೇರಿಯಲ್ಲಿ ಸಾಹೇಬರು ರಜೆ, ಇನ್ನೊಂದರಲ್ಲಿ ಹಳೇ ಲೆಡ್ಜರ್ ಸಿಗುತ್ತಿಲ್ಲ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಸ್ ಹತ್ತಿ ತುಮಕೂರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದದ್ದು ಎಷ್ಟು ಸಲವೋ. ಅಪ್ಪ ಒಂದು ಮಾತು ಹೇಳಿದ: "ಕಾಯಿ ಅಟ್ಟಕ್ಕೆ ಹಾಕಿದೀವಿ ಅನ್ಕೋ ಮಗ. ದಿನಾ ಹತ್ತಿ ನೋಡಿದ್ರೆ ಕೊಬ್ಬರಿ ಆಗಲ್ಲ." ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಒಳಗೊಳಗೇ ಉಂಡೆ ಕೊಬ್ಬರಿಯಾಗುತ್ತೆ. ಅವಳ ಫೈಲೂ ಸರಿಯಾಗಿ ಅಷ್ಟೇ ತಗೊಂಡಿತು.

2022ರ ಸೆಪ್ಟೆಂಬರ್‌ನಲ್ಲಿ ಹೊರಟಳು. ಇಂಗ್ಲೆಂಡಿನ ಉತ್ತರದ ಒಂದು ಊರಿನ ಸರ್ಕಾರಿ ಆಸ್ಪತ್ರೆ. ವಿಮಾನದ ಟಿಕೆಟ್, ವೀಸಾ, ಮೊದಲ ತಿಂಗಳ ರೂಮ್ ಅವರದ್ದೇ. ಬದಲಿಗೆ ಎರಡು ವರ್ಷದ ಒಳಗೆ ಬಿಟ್ಟರೆ ಖರ್ಚಿನ ಒಂದು ಪಾಲು ವಾಪಸ್ ಕಟ್ಟಬೇಕು. ನಾವು ಫ್ರೆಷರ್ ಆಗಿದ್ದಾಗ ಬರೆದುಕೊಟ್ಟ ಬಾಂಡ್ ಥರವೇ. ಸೇರಿದ ಮೊದಲ ದಿನದಿಂದ ನರ್ಸ್ ಅಲ್ಲ. ಕೊನೆಯ ಪರೀಕ್ಷೆ ಓಸ್ಕಿ ಬಾಕಿ. ಬಂದ 12 ವಾರದೊಳಗೆ ಒಂದು ಸಲವಾದರೂ ಕೂರಬೇಕು. ಅಲ್ಲಿಯ ತನಕ ಒಂದು ಮೆಟ್ಟಿಲು ಕೆಳಗಿನ ಸಂಬಳ, ಔಷಧಿ ಕೊಡುವ ಹಾಗಿಲ್ಲ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದವಳು ಹಾಸಿಗೆ ಬದಲಿಸುತ್ತಾ, ಮೈ ಒರೆಸುತ್ತಾ ದಿನ ಎಣಿಸಿದಳು.

ಓಸ್ಕಿಯಲ್ಲಿ ಹತ್ತು ಸ್ಟೇಷನ್. ರೋಗಿಯನ್ನು ಮಾತಾಡಿಸಿ ಪರೀಕ್ಷಿಸುವುದು, ಯೋಜನೆ ಬರೆಯುವುದು, ಔಷಧಿ ಕೊಡುವುದು, ಹೀಗೆ. ಎಲ್ಲದರಲ್ಲೂ ಪಾಸಾಗಬೇಕು. ಶುಲ್ಕ 794 ಪೌಂಡ್. ಅವಳು ಒಂದರಲ್ಲಿ ಫೇಲಾದಳು: ಔಷಧಿ ಕೊಡುವುದರಲ್ಲಿ. ಒಂಬತ್ತು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ. ಆ ರಾತ್ರಿ ಫೋನಿನಲ್ಲಿ ಅಳಲಿಲ್ಲ, ಬರೀ ಉಸಿರು ಕೇಳಿಸುತ್ತಿತ್ತು. "ಅಲರ್ಜಿ ಇದ್ಯಾ ಅಂತ ಚಾರ್ಟ್‌ನಲ್ಲಿ ನೋಡ್ದೆ ಅಣ್ಣ. ಬಾಯಿಬಿಟ್ಟು ಕೇಳಲಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷದ ಅನುಭವಕ್ಕೆ ಬೆಲೆಯೇ ಇಲ್ವಾ, ಒಂದು ಮಾತಿಗೋಸ್ಕರ ಫೇಲ್ ಮಾಡ್ತಾರಾ ಅಂತ ಕೂಗಾಡಿದೆ. ಅವಳು ಸುಮ್ಮನೆ ಕೇಳಿ ಆಮೇಲೆ ಹೇಳಿದಳು: "ಚಾರ್ಟ್ ತಪ್ಪಿದ್ರೆ? ನಿನ್ನ ಕೋಡ್ ತಪ್ಪಾದ್ರೆ ಸರ್ವರ್ ನಿಲ್ಲುತ್ತೆ. ನಾನು ಕೇಳದೆ ಪೆನ್ಸಿಲಿನ್ ಕೊಟ್ರೆ ಅವರು ಸಾಯ್ತಾರೆ. ಅವರು ಕೇಳಿದ್ದು ಸರಿಯಾಗೇ ಇದೆ." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಹನ್ನೆರಡು ಪೇಷಂಟ್‌ಗೆ ಒಬ್ಬಳೇ ಇರ್ತಿದ್ದೆ. ಕೇಳ್ತಾ ನಿಂತ್ರೆ ಹನ್ನೆರಡನೇ ಬೆಡ್ ಮುಟ್ಟೋಷ್ಟರಲ್ಲಿ ಬೆಳಕು ಹರೀತಿತ್ತು. ಬಾಯಿ ಮುಚ್ಚಿಕೊಂಡು ಕೈ ಓಡಿಸೋದೇ ಅಭ್ಯಾಸ ಆಗೋಗಿದೆ" ಅಂದಳು.

ಅದೇ ಡಿಸೆಂಬರ್ 15ರಂದು ಅಲ್ಲಿನ ನರ್ಸ್‌ಗಳೇ ಬೀದಿಗಿಳಿದರು. ಅವರ ಸಂಘ ರಾಯಲ್ ಕಾಲೇಜ್ ಆಫ್ ನರ್ಸಿಂಗ್‌ನ 106 ವರ್ಷದ ಇತಿಹಾಸದಲ್ಲೇ ಅಷ್ಟು ದೊಡ್ಡ ಮುಷ್ಕರ ಅದೇ ಮೊದಲು. ಸಂಬಳ ಸಾಲದು, ವಾರ್ಡಿನಲ್ಲಿ ಜನ ಸಾಲದು ಅಂತ. ತಂಗಿ ಮುಷ್ಕರನಿರತರ ಫೋಟೋ ಕಳಿಸಿ ಕೆಳಗೆ ಬರೆದಿದ್ದಳು: "ನಾನು ಸೇರಕ್ಕೆ ಒದ್ದಾಡ್ತಿರೋ ಕೆಲಸ ಇದೇ ನೋಡು." ನಕ್ಕ ಮುಖವೂ ಹಾಕಿದ್ದಳು.

ಜನವರಿಯಲ್ಲಿ ಆ ಒಂದು ಸ್ಟೇಷನ್ ಮತ್ತೆ, 397 ಪೌಂಡ್. ಈ ಸಲ ರಾತ್ರಿ ರೂಮಿನಲ್ಲಿ ದಿಂಬನ್ನು ಮಲಗಿಸಿ ಅದಕ್ಕೆ ಹೆಸರು ಕೇಳಿ, ಹುಟ್ಟಿದ ತಾರೀಖು ಕೇಳಿ, ಅಲರ್ಜಿ ಕೇಳಿ, ಮಾತ್ರೆ ಕೊಡಲಾ ಅಂತ ಒಪ್ಪಿಗೆ ಕೇಳಿ ಅಭ್ಯಾಸ ಮಾಡಿದಳಂತೆ. ಪಾಸಾಯಿತು. ನೋಂದಣಿಗೆ 153 ಪೌಂಡ್ ಕಟ್ಟಿದಳು. ಪಿನ್ ಬಂತು.

ಪಿನ್ ಬಂದ ಮೇಲಿನ ಒಂದು ನೈಟ್ ಡ್ಯೂಟಿಯಲ್ಲಿ ಅವಳ ವಾರ್ಡಿನ ಅಜ್ಜಿಯೊಬ್ಬರು ತೀರಿಕೊಂಡರು. ಮೈ ತೊಳೆಯುವಾಗ ಜೊತೆಗಿದ್ದ ಸೀನಿಯರ್ ನರ್ಸ್ ಆ ಅಜ್ಜಿಗೆ ಹೇಳುತ್ತಲೇ ಇದ್ದರಂತೆ, ಈಗ ಮುಖ ಒರೆಸ್ತೀವಿ, ಈಗ ಈ ಕಡೆ ತಿರುಗಿಸ್ತೀವಿ ಅಂತ. ತಂಗಿ ಇದನ್ನು ಅಮ್ಮನಿಗೆ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಹೋದಾಗ ನಾನೂ ಹಂಗೇ ಮಾತಾಡಿಸಿದ್ದೆ ಕಣೇ" ಅಂದಳು. ಆ ದಿನದಿಂದ ಅಮ್ಮನಿಗೆ ತಂಗಿ ಮಾಡುವ ಕೆಲಸ ಏನಂತ ಅರ್ಥವಾಗಿದೆ. ನನಗಿಂತ ಚೆನ್ನಾಗಿ ಅರ್ಥವಾಗಿದೆ ಅನಿಸುತ್ತೆ.

ಈಗ ಬ್ರೋಕರ್ ತಂದು ತೋರಿಸುವ ಬಯೋಡೇಟಾದಲ್ಲಿ ಮೊದಲ ಸಾಲೇ "ಯುಕೆಯಲ್ಲಿ ಸ್ಟಾಫ್ ನರ್ಸ್". ದಪ್ಪ ಅಕ್ಷರ. ನೈಟ್ ಡ್ಯೂಟಿಯ ಬಗ್ಗೆ ಯಾರೂ ಕೇಳುತ್ತಿಲ್ಲ. ಅವಳು ಮದುವೆಯ ಮಾತೆತ್ತಿದರೆ ಫೋನ್ ಇಡುತ್ತಾಳೆ.

ಕಳೆದ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗಿ ಬಂದಳು. ಬಿಎಸ್‌ಸಿ ನರ್ಸಿಂಗ್ ಕೊನೇ ವರ್ಷ. ಕೈಯಲ್ಲಿ ಒಂದು ವಿಸಿಟಿಂಗ್ ಕಾರ್ಡ್, ನಾಲ್ಕು ಲಕ್ಷ ಕೇಳಿದ್ದಾರಂತೆ. ಅವರಪ್ಪ ಆಗಲೇ ತೋಟದ ಮೇಲೆ ಸಾಲ ವಿಚಾರಿಸಿ ಬಂದಿದ್ದರು. ತಂಗಿಗೆ ವಿಡಿಯೋ ಕಾಲ್ ಮಾಡಿದೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದಳು.

"ಕೆಲಸ ಕೊಡಿಸ್ತೀನಿ ಅಂತ ಲಕ್ಷಗಟ್ಟಲೆ ಕೇಳಿದ್ರೆ ಅಲ್ಲೇ ಎದ್ದು ಬಂದ್ಬಿಡು ಪುಟ್ಟಿ. ಇಲ್ಲಿ ಈಗ ಹೊರಗಿನವರನ್ನ ತಗೊಳೋದು ತುಂಬಾ ಕಮ್ಮಿ ಮಾಡಿದ್ದಾರೆ, ಅದೂ ಗೊತ್ತಿರಲಿ. ಜರ್ಮನಿ ನೋಡು. ಬಿ2 ತನಕ ಭಾಷೆ ಕಲೀಬೇಕು, ಒಂದು ವರ್ಷ ಆಗುತ್ತೆ, ಹೆದರಬೇಡ. ಎರಡು ವರ್ಷ ಇಲ್ಲೇ ಕೆಲಸ ಮಾಡು. ಪೇಷಂಟ್‌ಗೆ ಬಾಯಿಬಿಟ್ಟು ಕೇಳೋದನ್ನ ಈಗಲಿಂದಲೇ ಅಭ್ಯಾಸ ಮಾಡ್ಕೋ."

ಆಮೇಲೆ ರೂಮಿಗೆ ಹೋಗಿ ತನ್ನ ಖರ್ಚಿನ ನೋಟ್‌ಬುಕ್ಕಿನ ಫೋಟೋ ಕಳಿಸಿದಳು, ಆ ಹುಡುಗಿಗೆ ಕೊಡು ಅಂತ. ಒಇಟಿ ಎರಡು ಸಲ, ಕೊರಿಯರ್, ತುಮಕೂರಿನ ಬಸ್ ಚಾರ್ಜು, ಟಿಬಿ ಪರೀಕ್ಷೆ, ಎಲ್ಲವೂ ತಾರೀಖಿನ ಜೊತೆ. ಕೊನೆಯ ಪುಟದಲ್ಲಿ ಒಂದು ಸಾಲು: "ಅಣ್ಣ ಕೊಟ್ಟಿದ್ದು 32,000." ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ "ಕೊಟ್ಟಾಯ್ತು" ಅಂತ ಬರೆದಿತ್ತು.

ಹುಡುಗಿ ಜಗಲಿಯ ಮೇಲೆ ಕೂತು ಪ್ರತಿ ಸಾಲನ್ನೂ ತನ್ನ ನೋಟ್ಸಿಗೆ ಇಳಿಸಿಕೊಂಡಳು. ನಾನು ಅವಳಿಗೆ ಫೋನ್ ಹಿಡಿದುಕೊಂಡು ನಿಂತಿದ್ದೆ. ನನ್ನ ಬಿಇಗೆ ಮಾರಿದ 20 ಗುಂಟೆಯ ಲೆಕ್ಕ ಬರೆದ ಪುಸ್ತಕ ನಮ್ಮ ಮನೆಯಲ್ಲಿ ಎಲ್ಲೂ ಇಲ್ಲ.